ಬರೋಣದ ತಾರೀಕು

2025ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ ಉಡುಪಿಯಿಂದ ಅಕ್ಕನ ಫೋನು ಬಂತು.

"ಎಂತ ಮಾರಾಯ, ಇದೇ 23ಕ್ಕೆ ಲೋಕ ಮುಗೀತದಂತಲ್ಲ? ಯಾರೋ ಆಫ್ರಿಕದವರು ಹೇಳಿದ್ದಂತೆ. ಮೊಬೈಲಿನಲ್ಲಿ ಅದೇ ಬರ್ತಾ ಉಂಟು. ಹೌದಾ?"

ನಾನು ಬಾಯಿ ತೆರೆಯುವ ಮೊದಲೇ ಎರಡನೆಯ ಪ್ರಶ್ನೆಯೂ ಬಂತು. "ಮತ್ತೆ, ನನ್ನ ಎಫ್.ಡಿ. ಈ ತಿಂಗಳು 26ಕ್ಕೆ ಮುಗೀತದೆ. ರಿನ್ಯೂ ಮಾಡುದಾ, ಬೇಡವಾ?"

ಅಕ್ಕನಿಗೆ ಎಪ್ಪತ್ತೆರಡು ವರ್ಷ. ಎರಡು ಪ್ರಶ್ನೆಗಳನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದಳು, ಎರಡನ್ನೂ ಅಷ್ಟೇ ಗಂಭೀರವಾಗಿ ಕೇಳಿದ್ದಳು. ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದವನು, ಅದರಲ್ಲಿ ಮೂವತ್ತನಾಲ್ಕು ಮುಂಬಯಿಯಲ್ಲಿ. ಜೊತೆಗೆ ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವನು. ಆದ್ದರಿಂದ ಎರಡಕ್ಕೂ ನನ್ನ ಹತ್ತಿರ ಉತ್ತರ ಇರುತ್ತದೆಂದು ಅವಳ ನಂಬಿಕೆ. ನಗು ಬಂತು. ಆದರೆ ಪೂರ್ತಿ ನಗಲಾಗಲಿಲ್ಲ. ಒಂದು ಕಾಲದಲ್ಲಿ ನಾನೂ ಇಂಥ ತಾರೀಕುಗಳನ್ನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಅದನ್ನು ಬೇರೆಯವರ ಕೈಯಲ್ಲಿ ಇಟ್ಟು ಅವರ ಮನಸ್ಸು ನೋಯಿಸಿದ್ದೆ.

ಕ್ರೈಸ್ತರಲ್ಲದ ಓದುಗರಿಗೆ ಒಂದು ಮಾತು ಮೊದಲೇ ಹೇಳಬೇಕು. ಯೇಸು ಸ್ವಾಮಿ ಮತ್ತೆ ಬರುತ್ತಾನೆ ಎಂಬುದು ನಮ್ಮ ವಿಶ್ವಾಸ ಪ್ರಮಾಣದಲ್ಲೇ ಸೇರಿದ ಮಾತು. ನಾವದನ್ನು 'ಎರಡನೆಯ ಬರೋಣ' ಎನ್ನುತ್ತೇವೆ. ಬರುತ್ತಾನೆ ಎನ್ನುವಲ್ಲಿ ಜಗಳವಿಲ್ಲ. ಯಾವಾಗ ಎನ್ನುವಲ್ಲಿ ಎಲ್ಲ ಗಲಾಟೆ.

ನಾನು ಹುಟ್ಟಿದ ಉಡುಪಿಯ ಮನೆಯಲ್ಲಿ ಈ ಗಲಾಟೆ ಇರಲಿಲ್ಲ. ನಮ್ಮದು ಬಾಸೆಲ್ ಮಿಷನ್ನಿನ ಕುಟುಂಬ. ಅಜ್ಜ ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿದ್ದವರು, ಅಪ್ಪ ಶಾಲೆಯ ಮಾಸ್ಟ್ರು. ಡಿಸೆಂಬರ್ ಬಂತೆಂದರೆ ಆಗಮನ ಕಾಲದ ಭಾನುವಾರಗಳಲ್ಲಿ ಅಯ್ಯನವರು ಬರೋಣದ ಬಗ್ಗೆ ಪ್ರಸಂಗ ಮಾಡುತ್ತಿದ್ದರು. ನಾವು ಮಕ್ಕಳು ಕ್ರಿಸ್ಮಸ್ಸಿನ ಕುಸ್ವಾರದ ಯೋಚನೆಯಲ್ಲಿ ತೂಕಡಿಸುತ್ತಿದ್ದೆವು. ಆ ಪ್ರಸಂಗವನ್ನು ನಿಜವಾಗಿ ಕೇಳಿಸಿಕೊಂಡವಳು ಅಜ್ಜಿ ಒಬ್ಬಳೇ ಇರಬೇಕು. ಎಷ್ಟೇ ದಣಿದಿದ್ದರೂ ಅವಳು ರಾತ್ರಿಯ ಪಾತ್ರೆ ತೊಳೆಯದೆ ಮಲಗಿದವಳಲ್ಲ. "ನಾಳೆ ತೊಳೆದರಾಗದಾ ಅಜ್ಜಿ?" ಎಂದರೆ, "ರಾತ್ರಿ ಯಜಮಾನ ಬಂದರೆ ಎಂಜಲು ಪಾತ್ರೆ ತೋರಿಸುದಾ?" ಎನ್ನುತ್ತಿದ್ದಳು. ಅವಳ ಅಂತ್ಯಕಾಲದ ದೈವಶಾಸ್ತ್ರ ಅಷ್ಟೇ.

ಮೈಸೂರಿನಲ್ಲಿ ಎಂ.ಕಾಂ. ಮುಗಿಸಿ 1984ರಲ್ಲಿ ಬ್ಯಾಂಕು ಸೇರಿದೆ. 1986ರಲ್ಲಿ ಮುಂಬಯಿಗೆ ಹಾಕಿದರು. "ಎರಡು ವರ್ಷ ಅಷ್ಟೇ, ಮತ್ತೆ ಊರ ಕಡೆ ಹಾಕುತ್ತಾರೆ" ಎಂದು ಹಿರಿಯರೊಬ್ಬರು ಧೈರ್ಯ ಹೇಳಿ ಕಳಿಸಿದರು. ಡೊಂಬಿವಲಿಯಲ್ಲಿ ಒಂದು ಕೋಣೆ, ಬೆಳಿಗ್ಗೆ ಏಳೂವರೆಯ ಲೋಕಲ್, ರಾತ್ರಿ ಎಂಟಕ್ಕೆ ವಾಪಸು. 1988ರಲ್ಲಿ ಮದುವೆಯಾಯಿತು. ಹೆಂಡತಿ ಬಂದ ಮೇಲೂ ಮನೆಯಲ್ಲಿ ಮಂಚವಿರಲಿಲ್ಲ, ಕಪಾಟಿರಲಿಲ್ಲ. ಊರಿಂದ ತಂದ ರಟ್ಟಿನ ಪೆಟ್ಟಿಗೆಗಳಲ್ಲೇ ಬಟ್ಟೆಬರೆ. ಟ್ರಾನ್ಸ್‌ಫರ್ ಬಂದಾಗ ಇದನ್ನೆಲ್ಲ ಯಾರು ಸಾಗಿಸುವುದು ಎಂಬುದು ನನ್ನ ವಾದ. ಪ್ರತಿ ವರ್ಷ ಅರ್ಜಿ ಹಾಕುತ್ತಿದ್ದೆ. ಏಪ್ರಿಲ್ ಬಂದರೆ ಲಿಸ್ಟಿಗಾಗಿ ಕಾಯುತ್ತಿದ್ದೆ. ಮುಂಬಯಿಯ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಆಗ ಇದೇ ಕಥೆ. ಇಲ್ಲಿ ಇದ್ದೂ ಇಲ್ಲದ ಹಾಗೆ ಬದುಕುವುದು.

ಹೀಗೆ ಒಂದು ಕಾಲು ಹೊಸ್ತಿಲ ಹೊರಗಿಟ್ಟು ಬದುಕುವವನಿಗೆ ಲೋಕದ ಕೊನೆಯ ಮಾತು ಬೇಗ ಹಿಡಿಸುತ್ತದೆ. ಇದು ನನಗೆ ಬಹಳ ವರ್ಷಗಳ ನಂತರ ತಿಳಿದದ್ದು.

ಭಾನುವಾರ ಮಧ್ಯಾಹ್ನ ಬಾಡಿಗೆಯ ಸಭಾಂಗಣದಲ್ಲಿ ಕನ್ನಡದ ಆರಾಧನೆ ನಡೆಯುತ್ತಿತ್ತು. ಅಲ್ಲಿ ಪರಿಚಯವಾದ ಕೆಲವರು ಬುಧವಾರ ರಾತ್ರಿ ಒಬ್ಬರ ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟಕ್ಕೆ ಕರೆದರು. ಹೋದೆ. ಗೋಡೆಯ ಮೇಲೆ ಉದ್ದನೆಯ ಪಟವೊಂದು ತೂಗುತ್ತಿತ್ತು. ದಾನಿಯೇಲನ ನಾಲ್ಕು ಮೃಗಗಳು, ಪ್ರಕಟನೆಯ ಏಳು ಮುದ್ರೆಗಳು, ಏಳು ತುತೂರಿಗಳು, ಅವುಗಳ ಕೆಳಗೆ ಇಸವಿಗಳು. ಲೆಡ್ಜರ್ ನೋಡಿ ಬೆಳೆದವನಿಗೆ ಮನಸ್ಸು ಸೋಲಲು ಇನ್ನೇನು ಬೇಕು? ಒಂದು ದಿನವೆಂದರೆ ಒಂದು ವರ್ಷ ಎಂದು ಲೆಕ್ಕ ಹಿಡಿಯಬೇಕು. ಎಲ್ಲಿಂದ ಎಣಿಸಬೇಕೆಂದು ತೀರ್ಮಾನಿಸಬೇಕು. ಆಮೇಲೆ ಎಲ್ಲ ಟ್ಯಾಲಿ ಆಗುತ್ತಾ ಹೋಗುತ್ತದೆ.

ಇದೇ ದಾರಿಯಲ್ಲಿ ನಡೆದವರು ಹಿಂದೆಯೂ ಇದ್ದರು. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ದಾನಿಯೇಲನ 2300 ದಿನಗಳನ್ನು ವರ್ಷಗಳೆಂದು ಹಿಡಿದು ಕ್ರಿಸ್ತಪೂರ್ವ 457ರಿಂದ ಎಣಿಸಿದ. ಉತ್ತರ 1843. ಆ ವರ್ಷ ಕಳೆದಾಗ ಅವನ ಅನುಯಾಯಿಗಳು ಲೆಕ್ಕ ತಿದ್ದಿ 1844ರ ಅಕ್ಟೋಬರ್ 22 ಎಂದರು. ಸಾವಿರಾರು ಜನ ಆ ರಾತ್ರಿ ಎದ್ದು ಕಾದರು. ಬೆಳಗಾಯಿತು, ಅಷ್ಟೇ. ಅಮೆರಿಕದವರು ಅದಕ್ಕೆ 'ಮಹಾ ನಿರಾಶೆ' ಎಂದೇ ಹೆಸರಿಟ್ಟಿದ್ದಾರೆ. ಆದರೆ 1990ರಲ್ಲಿ ಆ ಕೂಟದಲ್ಲಿ ಕುಳಿತಿದ್ದ ನನಗೆ ಮಿಲ್ಲರನ ಹೆಸರೂ ಗೊತ್ತಿರಲಿಲ್ಲ. 1991ರ ಜನವರಿಯಲ್ಲಿ ಇರಾಕಿನ ಮೇಲೆ ಬಾಂಬು ಬಿದ್ದಾಗ, "ಇದೇ ಬಾಬೆಲ್, ಪ್ರವಾದನೆ ನೆರವೇರುತ್ತಿದೆ" ಎಂದರು. ಅಂಗಡಿ ಸಾಮಾನಿನ ಮೇಲಿನ ಬಾರ್‌ಕೋಡ್ ಮೃಗದ ಗುರುತು ಎಂದರು. ಬ್ಯಾಂಕಿಗೆ ಕಂಪ್ಯೂಟರ್ ಬಂದರೆ ಅದೂ ಗುರುತೇ. ನಮ್ಮ ಕೌಂಟರಿನಲ್ಲಿ ಒಬ್ಬರು ಖಾತೆಯ ನಂಬರಿನ ಕೊನೆಯಲ್ಲಿ 666 ಇದೆಯೆಂದು ಪಾಸ್‌ಬುಕ್ ವಾಪಸು ಕೊಟ್ಟರು. ಮ್ಯಾನೇಜರರು ತಲೆ ಚಚ್ಚಿಕೊಂಡರು. ನಾನು ಮಾತ್ರ ಮನಸ್ಸಿನಲ್ಲೇ ಆ ಗಿರಾಕಿಯ ವಿಶ್ವಾಸವನ್ನು ಮೆಚ್ಚಿಕೊಂಡೆ.

ಈಗ ಭಟ್ಟರ ವಿಷಯ. ನಮ್ಮ ಶಾಖೆಯಲ್ಲಿ ನನ್ನ ಪಕ್ಕದ ಮೇಜು ಅವರದು. ಉಡುಪಿಯ ಹತ್ತಿರದವರೇ. ಡೊಂಬಿವಲಿಯಿಂದ ಒಂದೇ ಗಾಡಿ, ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟ. ಅವರ ಡಬ್ಬದ ಪತ್ರೊಡೆ ನನಗೆ. ನನ್ನ ಡಬ್ಬದಲ್ಲಿ ಸಸ್ಯಾಹಾರವಿದ್ದ ದಿನ ನಮ್ಮ ಮನೆಯ ನೀರುದೋಸೆ ಅವರಿಗೆ. 1991ರ ಮಳೆಗಾಲದಲ್ಲಿ ಅವರ ತಂದೆ ಊರಿನಲ್ಲಿ ತೀರಿಕೊಂಡರು. ಕ್ರಿಯೆಗಳನ್ನೆಲ್ಲ ಮುಗಿಸಿ, ತಲೆ ಬೋಳಿಸಿಕೊಂಡು, ಭಟ್ಟರು ಕೆಲಸಕ್ಕೆ ಮರಳಿದರು. ಅವರು ಬಂದ ಮೂರನೆಯ ದಿನ ನಾನೊಂದು ಕೆಲಸ ಮಾಡಿದೆ. ಕೂಟದಲ್ಲಿ ಕೊಟ್ಟಿದ್ದ ಕರಪತ್ರವನ್ನು ಅವರ ಮೇಜಿನ ಮೇಲೆ ಇಟ್ಟೆ. ಕಡೇ ದಿನಗಳು ಬಂದಿವೆ, ನಂಬಿದವರು ಎತ್ತಲ್ಪಡುತ್ತಾರೆ, ನಂಬದೆ ಸತ್ತವರಿಗೆ ಬೆಂಕಿ ಎಂಬ ಕರಪತ್ರ. ದುಃಖದಲ್ಲಿರುವವನ ಹೃದಯ ಮೃದುವಾಗಿರುತ್ತದೆ, ಸುವಾರ್ತೆ ಸಾರಲು ಅದೇ ಸಮಯ ಎಂದು ಕೂಟದಲ್ಲಿ ಹೇಳಿದ್ದರು.

ಭಟ್ಟರು ಪೂರ್ತಿ ಓದಿದರು. ನಿಧಾನವಾಗಿ ಮಡಚಿದರು. "ನಮ್ಮ ಅಪ್ಪ ಎಲ್ಲಿಗೆ ಹೋದರು ಅಂತ ಇದರಲ್ಲಿ ಬರೆದುಂಟು ಮಾರಾಯ್ರೇ" ಎಂದರು. ದನಿ ಏರಲಿಲ್ಲ. ಅಂದಿನಿಂದ ಎಂಟು ತಿಂಗಳು ಅವರು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಆ ರಾತ್ರಿ ಹೆಂಡತಿಗೆ ಹೇಳಿದೆ, ನಾನು ಸಾಕ್ಷಿ ಕೊಟ್ಟೆ, ಅವರು ತಿರಸ್ಕರಿಸಿದರು ಎಂದು. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ, "ನೀವು ಸಾವಿನ ಮನೆಗೆ ಹೋಗಿ ಬೆಂಕಿಯ ಸುದ್ದಿ ಹೇಳಿ ಬಂದಿರಿ. ಅದರಲ್ಲಿ ಒಳ್ಳೆಯ ಸುದ್ದಿ ಯಾವುದು?" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಸುವಾರ್ತೆ ಎಂಬ ಶಬ್ದದ ಅರ್ಥವೇ ಒಳ್ಳೆಯ ಸುದ್ದಿ ಎಂದು ಮರೆತಿದ್ದೆ.

1993ರಲ್ಲಿ ಅವಳೇ ಮಂಚ ತರಿಸಿದಳು. "ಟ್ರಾನ್ಸ್‌ಫರ್ ಬರುವಾಗ ಬರಲಿ. ಅಲ್ಲಿವರೆಗೆ ನೆಲದ ಮೇಲೆ ಮಲಗಬೇಕೆಂದು ಆರ್ಡರಿನಲ್ಲಿ ಬರೆದಿಲ್ಲವಲ್ಲ?"

ಕೂಟಕ್ಕೆ ಹೋಗುವುದನ್ನು ನಾನು ಒಮ್ಮೆಲೇ ಬಿಡಲಿಲ್ಲ, ಕಡಿಮೆ ಮಾಡಿದೆ. 1999 ಬಂತು. ಎರಡು ಸಾವಿರನೆಯ ಇಸವಿಯ ಹೊತ್ತಿಗೆ ಕಂಪ್ಯೂಟರುಗಳು ಕೈಕೊಟ್ಟು ಲೋಕವೇ ನಿಂತುಹೋಗುತ್ತದೆಂಬ ಭಯ ಎಲ್ಲ ಕಡೆ ಇತ್ತು. ಕೂಟದವರಿಗೆ ಅದು ಹಬ್ಬದಂತಾಯಿತು. ನವೆಂಬರಿನಲ್ಲಿ ಕೂಟದ ಹಿರಿಯರೊಬ್ಬರು ನಮ್ಮ ಶಾಖೆಗೆ ಬಂದು ಮಗಳ ಓದಿಗೆಂದು ಇಟ್ಟಿದ್ದ ಮೂರು ಎಫ್.ಡಿ.ಗಳನ್ನು ಅವಧಿಗೆ ಮೊದಲೇ ಮುರಿಸಿದರು. "ಇನ್ನು ಇದೆಲ್ಲ ಯಾಕೆ ಬ್ರದರ್?" ಎಂದು ನಕ್ಕರು. ನಾನು ಸಹಿ ಹಾಕಿದೆ. ಠೇವಣಿದಾರ ಕೇಳಿದರೆ ಕೊಡಬೇಕಾದದ್ದು ಬ್ಯಾಂಕಿನ ನಿಯಮ, ಸರಿ. ಆದರೆ ಒಂದು ನಿಮಿಷ ಕೂರಿಸಿ, "ಅಣ್ಣಾ, ಬೇಡ" ಎನ್ನಬಹುದಿತ್ತಲ್ಲ? ಎನ್ನಲಿಲ್ಲ. ಅವರ ಎದುರು ಅಲ್ಪವಿಶ್ವಾಸಿ ಎನಿಸಿಕೊಳ್ಳಲು ಅಂಜಿದೆ. 2003ರಲ್ಲಿ ಅವರೇ ಮಗಳ ವಿದ್ಯಾಭ್ಯಾಸ ಸಾಲಕ್ಕಾಗಿ ನನ್ನ ಎದುರು ಕುಳಿತರು. ಇಬ್ಬರೂ ಹಳೆಯ ಮಾತು ಎತ್ತಲಿಲ್ಲ. ಫಾರಂ ತುಂಬುವಾಗ ಅವರ ಕೈ ನಡುಗುತ್ತಿದ್ದುದು ಮಾತ್ರ ಈಗಲೂ ಕಣ್ಣ ಮುಂದಿದೆ.

1999ರ ಡಿಸೆಂಬರ್ 31ರ ರಾತ್ರಿ ಶಾಖೆಯ ಕಂಪ್ಯೂಟರ್ ಕಾಯುವ ಡ್ಯೂಟಿ ನನಗೂ ಭಟ್ಟರಿಗೂ ಬಿತ್ತು. ಅಷ್ಟರಲ್ಲಿ ನಮ್ಮ ಊಟದ ಮೇಜು ಮತ್ತೆ ಒಂದಾಗಿತ್ತು, ಆದರೆ ಆ ಕರಪತ್ರದ ಮಾತು ಯಾವತ್ತೂ ಬಂದಿರಲಿಲ್ಲ. ಹನ್ನೆರಡು ಹೊಡೆಯಿತು. ದೂರದಲ್ಲಿ ಪಟಾಕಿ ಸದ್ದು. ಪರದೆಯ ಮೇಲೆ 01-01-2000 ಎಂದು ಬಂತು. ದೀಪ ಆರಲಿಲ್ಲ. ಭಟ್ಟರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, "ನೀವು ಇನ್ನೂ ಇಲ್ಲೇ ಇದ್ದೀರಲ್ಲ ಮಾರಾಯ್ರೇ! ನಮ್ಮಲ್ಲಿ ಕಲ್ಕಿ ಬರಲು ಇನ್ನೂ ನಾಲ್ಕು ಲಕ್ಷ ವರ್ಷದ ಮೇಲೆ ಉಂಟು. ನಿಮ್ಮವರಿಗೆ ಬಹಳ ಅವಸರ" ಎಂದರು.

ನಾನು ಎಂಟು ವರ್ಷದಿಂದ ಗಂಟಲಲ್ಲಿ ಸಿಕ್ಕಿದ್ದ ಮಾತನ್ನು ಹೇಳಿದೆ. "ಭಟ್ರೇ, ಅವತ್ತು ಆ ಕಾಗದ ಕೊಟ್ಟದ್ದು ತಪ್ಪಾಯಿತು."

ಅವರು ಚಹಾ ಮುಗಿಸಿದರು. "ಕೊಟ್ಟದ್ದಕ್ಕೆ ಬೇಜಾರಿಲ್ಲ. ಅಪ್ಪ ಹೇಗಿದ್ದರು ಅಂತ ನೀವು ಒಂದು ಮಾತು ಕೇಳಲಿಲ್ಲ. ಅದು ಬೇಜಾರು" ಎಂದರು. ಆ ರಾತ್ರಿ ಬೆಳಗಿನ ಮೊದಲ ಲೋಕಲ್ ತನಕ ಅವರು ತಮ್ಮ ತಂದೆಯ ಬಗ್ಗೆ ಮಾತಾಡಿದರು. ನಾನು ಕೇಳಿದೆ.

ಆಮೇಲೆ ನಾನು ಬೈಬಲನ್ನು ಪಟವಿಲ್ಲದೆ ಓದಲು ಶುರು ಮಾಡಿದೆ. ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ ಯೇಸು ಕಡೇ ದಿನಗಳ ಬಗ್ಗೆ ಹೇಳುತ್ತಾನೆ. ಆ ದಿನ, ಆ ಗಳಿಗೆ ದೂತರಿಗೂ ತಿಳಿಯದು, ಮಗನಿಗೂ ತಿಳಿಯದು, ತಂದೆಗೆ ಮಾತ್ರ ಗೊತ್ತು ಎಂದು ಅಲ್ಲೇ ಸ್ಪಷ್ಟವಾಗಿದೆ. ಮಗನಿಗೇ ತಿಳಿಯದ್ದು ಡೊಂಬಿವಲಿಯ ಕೂಟಕ್ಕೆ ತಿಳಿದದ್ದು ಹೇಗೆ? ಅದಕ್ಕೂ ಮುಖ್ಯವಾದದ್ದು ಮುಂದಿನ ಅಧ್ಯಾಯ. ಹತ್ತು ಕನ್ಯೆಯರು ದೀಪದ ಎಣ್ಣೆ ನೋಡಿಕೊಳ್ಳುವ ಕಥೆ, ಯಜಮಾನ ಆಳುಗಳ ಕೈಗೆ ತಲಾಂತುಗಳನ್ನು ಕೊಟ್ಟು ದೂರ ದೇಶಕ್ಕೆ ಹೋದ ಕಥೆ. ಹಣವನ್ನು ಹೂತಿಟ್ಟ ಆಳಿಗೆ ಯಜಮಾನ ಬೈಯುವುದು, ಕನಿಷ್ಠ ಬಡ್ಡಿಗಾದರೂ ಇಡಬಾರದಿತ್ತೇ ಎಂದು. ಮೂವತ್ತಾರು ವರ್ಷ ಬಡ್ಡಿ ಎಣಿಸಿದವನಿಗೆ ಈ ಮಾತು ಕೊಟ್ಟ ಸಂತೋಷ ಅಷ್ಟಿಷ್ಟಲ್ಲ. ಕೊನೆಯದು ತೀರ್ಪಿನ ಚಿತ್ರ. ಹಸಿದವನಿಗೆ ಅನ್ನ ಕೊಟ್ಟೆಯಾ, ರೋಗಿಯನ್ನು ನೋಡಲು ಹೋದೆಯಾ ಎಂಬಷ್ಟೇ ಪ್ರಶ್ನೆ. ತಾರೀಕು ಸರಿಯಾಗಿ ಹೇಳಿದೆಯಾ ಎಂದು ಯಾರೂ ಕೇಳುವುದಿಲ್ಲ.

2019ರಲ್ಲಿ, ನಿವೃತ್ತಿಗೆ ಒಂದು ವರ್ಷ ಇದ್ದಾಗ, ಮಂಗಳೂರಿಗೆ ಹೋದವನು ಬಲ್ಮಠದ ಲೈಬ್ರರಿಯಲ್ಲಿ ಕುಳಿತು ಬಾಸೆಲ್ ಮಿಷನ್ನಿನ ಹಳೆಯ ಕಥೆ ಓದಿದೆ. ಅಲ್ಲೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಬೆಂಗೆಲ್ ಎಂಬ ದೊಡ್ಡ ಪಂಡಿತರಿದ್ದರು. ಅವರು ಪ್ರಕಟನೆಯ ಸಂಖ್ಯೆಗಳನ್ನು ಎಣಿಸಿ, ಕ್ರಿಸ್ತನ ಸಾವಿರ ವರ್ಷದ ರಾಜ್ಯ 1836ರಲ್ಲಿ ಆರಂಭವಾಗುತ್ತದೆ ಎಂದಿದ್ದರು. ಆ ಸೀಮೆಯ ಭಕ್ತರಲ್ಲಿ ಈ ಲೆಕ್ಕ ಮನೆಮಾತಾಗಿತ್ತು. ಕೆಲವರು 1817ರ ಸುಮಾರಿಗೆ ಹೊಲಮನೆ ಮಾರಿ, ಆಶ್ರಯಸ್ಥಾನ ಅಲ್ಲಿದೆಯೆಂದು ರಷ್ಯದ ಕಡೆ ಹೊರಟೇಹೋದರು. ದಾರಿಯಲ್ಲಿ ಎಷ್ಟೋ ಜನ ಸತ್ತರು.

ಅದೇ ಮಣ್ಣಿನಿಂದ ಬಾಸೆಲ್ ಮಿಷನ್ನಿಗೆ ಸೇರಿದವರು ಬಹಳ ಜನ. ಮೊದಲ ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ವ್ಯುರ್ಟೆಂಬರ್ಗಿನ ಹೆರ್ಮನ್ ಮೋಗ್ಲಿಂಗ್ ಬಂದದ್ದು ಸರಿಯಾಗಿ 1836ರಲ್ಲೇ! ಲೋಕಕ್ಕೆ ಹೊಸ ಯುಗ ಬರಬೇಕಿದ್ದ ವರ್ಷ ಆ ಯುವಕ ಕನ್ನಡ ಅಕ್ಷರ ತಿದ್ದಲು ಕುಳಿತ. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1850ರಲ್ಲಿ ಅವರೇ ಅಚ್ಚು ಹಾಕಿಸಿದ ಹರಿದಾಸರ ಪದಗಳು, 1865ರಲ್ಲಿ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲರ ನಿಘಂಟು. ಅವರೂ ಜಾತ್ರೆಗಳಲ್ಲಿ ನಿಂತು ಖಾರವಾಗಿ ಬೋಧಿಸಿದವರೇ. ಅವರ ಎಲ್ಲ ಮಾತೂ ಒಳ್ಳೆಯದೇ ಎನ್ನಲಾರೆ. ಆದರೆ ಬರೋಣ ಹತ್ತಿರವಿದೆ ಎಂದು ನಂಬಿಕೊಂಡೇ ಎಪ್ಪತ್ತು ಸಾವಿರದಷ್ಟು ಶಬ್ದಗಳ ನಿಘಂಟಿಗೆ, ನೂರು ವರ್ಷ ಬಾಳುವ ಹಂಚಿಗೆ ಕೈ ಹಾಕಬಹುದು ಎಂದು ಅವರು ತೋರಿಸಿದರು. ಹೇಳಲು ಬಂದವರು ಕೇಳಿಸಿಕೊಂಡರು ಕೂಡ. ಇಲ್ಲವಾದರೆ ಪುರಂದರದಾಸರ ಪದಗಳನ್ನು ಅಚ್ಚು ಹಾಕಿಸುತ್ತಿದ್ದರೇ?

ಇದನ್ನು ಭಟ್ಟರಿಗೆ ಹೇಳಿದಾಗ, "ನಿಮ್ಮ ಹಳೆಯವರು ಮಂಚ ತರಿಸಿದ್ದರು ಅನ್ನಿ" ಎಂದರು. ನನ್ನ ಹೆಂಡತಿಯ ಮಂಚದ ಕಥೆ ಅವರಿಗೂ ಗೊತ್ತು.

2021ರ ಏಪ್ರಿಲ್. ಮುಂಬಯಿಯಲ್ಲಿ ಕೊರೋನಾದ ಎರಡನೆಯ ಅಲೆ. ಆ ದಿನಗಳಲ್ಲಿ ಲೋಕದ ಕೊನೆ ಎನ್ನಲು ಪಟ ಬೇಕಿರಲಿಲ್ಲ, ಕಿಟಕಿಯಿಂದ ಆಂಬುಲೆನ್ಸಿನ ಸದ್ದು ಕೇಳಿದರೆ ಸಾಕಿತ್ತು. ಮೊಬೈಲಿನಲ್ಲಿ ಮತ್ತೆ ಮುದ್ರೆಗಳು, ಲಸಿಕೆಯೇ ಮೃಗದ ಗುರುತು ಎಂಬ ಮೆಸೇಜುಗಳು. ನಾನೂ ಹೆಂಡತಿಯೂ ಲಸಿಕೆ ಹಾಕಿಸಿಕೊಂಡು ಬಂದೆವು. ಅದೇ ವಾರ ನಮ್ಮ ಮನೆಯಿಂದ ನಾಲ್ಕು ಕಟ್ಟಡದಾಚೆಯ ಭಟ್ಟರ ಮನೆಯಲ್ಲಿ ಗಂಡಹೆಂಡಿರಿಬ್ಬರಿಗೂ ಜ್ವರ ಹಿಡಿಯಿತು. ಮಗ ಅಮೆರಿಕದಲ್ಲಿ. ಹದಿನಾರು ದಿನ ನನ್ನ ಹೆಂಡತಿ ಗಂಜಿ, ಉಪ್ಪಿನಕಾಯಿ, ತೊವ್ವೆ ಮಾಡಿದಳು. ನಾನು ಅವರ ಬಾಗಿಲ ಬಳಿ ಇಟ್ಟು, ಬೆಲ್ ಒತ್ತಿ, ಮೆಟ್ಟಿಲಿಳಿದು ಬರುತ್ತಿದ್ದೆ. ರಾತ್ರಿ ಫೋನು.

ಒಂದು ರಾತ್ರಿ ಆಕ್ಸಿಜನ್ ಮಟ್ಟ ತೊಂಬತ್ತಕ್ಕಿಂತ ಕೆಳಗೆ ಇಳಿದಿತ್ತು, ಹಾಸಿಗೆ ಸಿಕ್ಕಿರಲಿಲ್ಲ. ಭಟ್ಟರು ಏದುಸಿರಿನ ನಡುವೆ, "ಈಗ ಹೇಳಿ ಮಾರಾಯ್ರೇ. ನಿಮ್ಮಲ್ಲಿ ಕೊನೆಗೆ ಎಂತ ಆಗ್ತದೆ ಅಂತಾರೆ? ಕಾಗದ ಬೇಡ, ಬಾಯಲ್ಲಿ ಹೇಳಿ" ಎಂದರು.

ಮೂವತ್ತು ವರ್ಷದ ಹಿಂದೆ ಕೇಳದಿದ್ದಾಗ ಹೇಳಿದ್ದೆ. ಈಗ ಅವರೇ ಕೇಳಿದರು. ಹೇಳಿದೆ. ಪ್ರಕಟನೆಯ ಪುಸ್ತಕ ಮೃಗಗಳಿಂದ ಮುಗಿಯುವುದಿಲ್ಲ, ಒಂದು ಪಟ್ಟಣದಿಂದ ಮುಗಿಯುತ್ತದೆ. ದೇವರೇ ಜನರ ನಡುವೆ ಬಂದು ವಾಸ ಮಾಡುತ್ತಾನೆ, ಅವರ ಕಣ್ಣೀರನ್ನು ತಾನೇ ಒರಸುತ್ತಾನೆ. ಅಲ್ಲಿ ಸಾವಿಲ್ಲ. ಆ ಪಟ್ಟಣಕ್ಕೆ ಹನ್ನೆರಡು ಬಾಗಿಲು, ಒಂದನ್ನೂ ಮುಚ್ಚುವುದಿಲ್ಲ. ಬರುವವನು ಶಿಲುಬೆಯ ಗಾಯವಿರುವವನೇ, ಆದ್ದರಿಂದ ನನಗೆ ಅವನು ಬರುತ್ತಾನೆಂದರೆ ಹೆದರಿಕೆಯಿಲ್ಲ. ಇಷ್ಟು ಹೇಳಿದೆ.

"ಗೇಟು ಹಾಕುದೇ ಇಲ್ಲವಾ? ಹಾಗಾದರೆ ಸೊಸೈಟಿಗೆ ವಾಚ್‌ಮನ್ ಖರ್ಚು ಉಳೀತು" ಎಂದರು. ನಗಲು ಹೋಗಿ ಕೆಮ್ಮಿದರು. ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ ನಮ್ಮ ಅಪ್ಪ?"

"ಭಟ್ರೇ, ಅದು ನನ್ನ ಸ್ಯಾಂಕ್ಷನ್ ಪವರಿನಲ್ಲಿಲ್ಲ. ಹೆಡ್ ಆಫೀಸಿನ ವಿಷಯ. ಅಲ್ಲಿರುವವನು ನನಗಿಂತ ಬಹಳ ಕರುಣೆಯವನು ಅಂತ ಮಾತ್ರ ಗೊತ್ತು."

ಬೆಳಗಿನ ಜಾವ ಹಾಸಿಗೆ ಸಿಕ್ಕಿತು. ಭಟ್ಟರು ಬದುಕಿದರು. ಈಗಲೂ ಬೆಳಿಗ್ಗೆ ಸಂಧ್ಯಾವಂದನೆ ಮಾಡುತ್ತಾರೆ, ಸಂಜೆ ನನ್ನ ಜೊತೆ ವಾಕಿಂಗ್ ಬರುತ್ತಾರೆ. ಕ್ರಿಸ್ತನು ನನಗೆ ಏನಾಗಿದ್ದಾನೋ ಅವರಿಗೂ ಆಗಲಿ ಎಂಬ ಆಸೆ ನನಗಿಲ್ಲ ಎಂದರೆ ಸುಳ್ಳಾಗುತ್ತದೆ. ಅದು ಅವರಿಗೂ ಗೊತ್ತು. ವಿಶ್ವಾಸ ಹಂಚಿಕೊಳ್ಳುವುದು ಎಂಬ ಮಾತು ತೆಗೆದರೆ ಈಗ ಎರಡೂ ಕಡೆಯವರ ಮುಖ ಬಿಗಿಯುತ್ತದೆ. ನಿಮ್ಮ ನಿರೀಕ್ಷೆಯ ಕಾರಣವನ್ನು ಕೇಳಿದವರಿಗೆ ಸಾತ್ವಿಕತೆಯಿಂದ, ಗೌರವದಿಂದ ಹೇಳಿ ಎಂದು ಪೇತ್ರನು ಬರೆದಿದ್ದಾನೆ. ಕೇಳಿದವರಿಗೆ ಎಂಬ ಶಬ್ದವನ್ನು ನಾನು ಮೊದಲು ಓದಿಯೇ ಇರಲಿಲ್ಲ. ಅವರು ಕೇಳಬೇಕಾದರೆ ನಾವು ಹೇಗೆ ಬದುಕಿರಬೇಕು ಎಂಬುದು ಉಳಿದ ಪ್ರಶ್ನೆ.

ನನ್ನ ಟ್ರಾನ್ಸ್‌ಫರ್ ಕೊನೆಗೂ ಬರಲಿಲ್ಲ. ಮುಂಬಯಿಯಲ್ಲೇ ನಿವೃತ್ತನಾದೆ. 1993ರ ಮಂಚ ಇನ್ನೂ ಗಟ್ಟಿಯಾಗಿದೆ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ತಾರೀಕು ಯಾರಿಗೂ ಗೊತ್ತಿಲ್ಲ ಅಕ್ಕಾ. ಎಫ್.ಡಿ. ಮೂರು ವರ್ಷಕ್ಕೆ ಹಾಕು. ನಾಮಿನಿ ಹೆಸರು ಉಂಟಾ ನೋಡು. ಹೆದರಿಕೆಯಾದರೆ ಅಜ್ಜಿ ಮಾಡುತ್ತಿದ್ದ ಕೆಲಸ ಮಾಡು."

"ಯಾವುದು? ಪಾತ್ರೆ ತೊಳೆಯುದಾ?" ಎಂದು ನಕ್ಕಳು.

ಸೆಪ್ಟೆಂಬರ್ 23 ಬಂತು, ಹೋಯಿತು. 24ನೆಯ ತಾರೀಕೂ ಹೋಯಿತು. 26ರ ಬೆಳಿಗ್ಗೆ ಹತ್ತೂವರೆಗೆ ಅಕ್ಕನ ಫೋನು. ಹಿಂದಿನಿಂದ ಬ್ಯಾಂಕಿನ ಗದ್ದಲ ಕೇಳಿಸುತ್ತಿತ್ತು.

"ತಮ್ಮಾ, ಹಿರಿಯ ನಾಗರಿಕರಿಗೆ ಬಡ್ಡಿ ಜಾಸ್ತಿ ಕೊಡ್ತಾರಲ್ಲ, ಅದು ಫಾರಂನಲ್ಲಿ ಎಲ್ಲಿ ಬರೆಯುದು?"